ಸಿಟ್ಟಿಗೆ ಹಾರ ಹಾಕಿದವರು

ಹೈದರಾಬಾದಿನಿಂದ ಬೀದರಿಗೆ ಬರುವ ಹೆದ್ದಾರಿ ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್ ಹಾಯ್ದು ಬರುತ್ತದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜನ ಹೊಡೆದು ಕೊಂದದ್ದು ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ 32 ವರ್ಷದ ಟೆಕ್ಕಿಯನ್ನು. ಅವರ ತಪ್ಪೇನು? ದಾರಿಯಲ್ಲಿ ಕಾರು ನಿಲ್ಲಿಸಿ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದು. ‘ಮಕ್ಕಳ ಕಳ್ಳರು’ ಎಂಬ ವಾಟ್ಸ್‌ಆಪ್ ಸುದ್ದಿ ಕಾರಿಗಿಂತ ಮೊದಲೇ ಮುರ್ಕಿ ಮುಟ್ಟಿತ್ತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು.

ಆಮೇಲೆ ಎಂದಿನಂತೆ ಎರಡು ಸಿದ್ಧ ಉತ್ತರ ಬಂದವು. ಒಂದು, ಫೋನಿನ ತಪ್ಪು. ಅದೇ ತಿಂಗಳು ವಾಟ್ಸ್‌ಆಪ್ ಕಂಪನಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸಿ ಕೈತೊಳೆದುಕೊಂಡಿತು. ಇನ್ನೊಂದು, ಹಿಂದುಳಿದ ಜಿಲ್ಲೆ, ಬರ, ನಿರುದ್ಯೋಗ, ಹತಾಶೆ. ಇದಕ್ಕೆ ಶಾಸ್ತ್ರಾಧಾರವೂ ಉಂಟು: ಹತಾಶೆಯೇ ಆಕ್ರಮಣದ ಬೇರು ಎಂದು 1939ರಲ್ಲೇ ಯೇಲ್‌ನ ಜಾನ್ ಡೊಲಾರ್ಡ್ ಮತ್ತು ಸಂಗಡಿಗರು ಬರೆದರು.

ಹಾಗಿದ್ದರೆ ಅದೇ ಹೆದ್ದಾರಿಯ ಪಟಾನ್‌ಚೆರು ಎಂದೋ ಹೊತ್ತಿ ಉರಿಯಬೇಕಿತ್ತು. ಕಾರ್ಖಾನೆಗಳ ಕೊಳೆ ನಕ್ಕವಾಗು ಹಳ್ಳವನ್ನು ಕೆಡಿಸಿತು. ಬಾವಿ ಕೆಟ್ಟವು, ಗದ್ದೆ ಕೆಟ್ಟವು. ಆ ಸಂಕಟ 1990ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2025ರ ಜೂನ್ 30ರಂದು ಪಕ್ಕದ ಪಾಶಮೈಲಾರಂನ ಸಿಗಾಚಿ ಕಾರ್ಖಾನೆ ಸಿಡಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ಬಂಧುಗಳು ಅತ್ತರು, ಕೂಗಾಡಿದರು, ಗುರುತು ಸಿಗದ ದೇಹಗಳ ಡಿಎನ್‌ಎ ವರದಿಗೆ ಕಾದರು. ಯಾರನ್ನೂ ಹೊಡೆದು ಸಾಯಿಸಲಿಲ್ಲ. ನಿಜವಾಗಿ ಕಳೆದುಕೊಂಡವರು ಕಾದರು; ಒಂದು ಮಗುವೂ ಕಾಣೆಯಾಗದ ಊರು ಕೊಂದಿತು.

ಗುಂಪಿಗೆ ಹುಚ್ಚು ಹಿಡಿದಿತ್ತು ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಗುಂಪು ಊರಿನ ಬಲಾಢ್ಯರನ್ನು ಮುಟ್ಟುವುದಿಲ್ಲ, ಕೇಳುವವರಿಲ್ಲದ ಪರಸ್ಥಳದವನನ್ನೇ ಹಿಡಿಯುತ್ತದೆ. ಯಾರನ್ನು ಹೊಡೆದರೆ ದಕ್ಕುತ್ತದೆ ಎಂಬುದು ಅದಕ್ಕೆ ಗೊತ್ತು. ಇದು ಕಂಡು ಕಲಿಯುವಂಥದ್ದು. 1960ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ, ಗೊಂಬೆಯನ್ನು ಬಡಿಯುವ ದೊಡ್ಡವರ ಚಿತ್ರವನ್ನು ಮಕ್ಕಳಿಗೆ ತೋರಿಸಿದರು. ಬಡಿದವನಿಗೆ ಶಿಕ್ಷೆಯಾದದ್ದನ್ನು ಕಂಡ ಮಕ್ಕಳು ಅಷ್ಟಾಗಿ ಅನುಕರಿಸಲಿಲ್ಲ. ಆದರೆ ಮಾಡಿ ತೋರಿಸಿದರೆ ಬಹುಮಾನ ಎಂದದ್ದೇ ತಡ, ಅವರೂ ಎಲ್ಲವನ್ನೂ ಮಾಡಿ ತೋರಿಸಿದರು. ಪಾಠ ಆಗಲೇ ತಲೆಗೆ ಹತ್ತಿತ್ತು.

ನಮ್ಮಲ್ಲಿ ಬಹುಮಾನಕ್ಕೇನು ಬರ? ಮುರ್ಕಿಗೆ ಕೆಲವೇ ದಿನ ಮೊದಲು ಕೇಂದ್ರ ಸಚಿವ ಜಯಂತ್ ಸಿನ್ಹಾ, ಜಾರ್ಖಂಡದ ಗುಂಪುಹತ್ಯೆಯಲ್ಲಿ ಶಿಕ್ಷೆಯಾಗಿ ಜಾಮೀನಿನ ಮೇಲೆ ಬಂದವರಿಗೆ ಹಾರ ಹಾಕಿದ್ದರು. (ಗದ್ದಲವಾದ ಮೇಲೆ ವಿಷಾದಿಸಿದರು, ಅದೂ ನಿಜ.) 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿಯ ಚಟಾನ್‌ಪಲ್ಲಿಯಲ್ಲಿ, ಪಶುವೈದ್ಯೆಯ ಅತ್ಯಾಚಾರ-ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತಾಗ ಜನ ಹೂ ಎರಚಿದರು, ಪಟಾಕಿ ಹೊಡೆದರು, ಹೆಂಗಸರು ಪೊಲೀಸರಿಗೆ ರಾಖಿ ಕಟ್ಟಿದರು. ಸೈಬರಾಬಾದ್ ಪೊಲೀಸ್ ಕಮಿಷನರ್ ಹುಬ್ಬಳ್ಳಿಯವರೆಂದು ಇತ್ತ ನಮ್ಮ ಎದೆಯೂ ಉಬ್ಬಿತು. ಪೊಲೀಸರು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದರು, ಹತ್ತು ಮಂದಿಯನ್ನು ಕೊಲೆಗಾಗಿ ವಿಚಾರಣೆಗೆ ಒಳಪಡಿಸಬೇಕು ಎಂಬ, ಈ ಘಟನೆಯ ತನಿಖೆ ನಡೆಸಿದ ಸಿರ್ಪುರ್ಕರ್ ಆಯೋಗದ ವರದಿ 2022ರ ಮೇನಲ್ಲಿ ಹೊರಬಿತ್ತು. ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದೂ ಅದು ಹೇಳಿತು. ಹೂ ಎರಚಿದಷ್ಟು ಉತ್ಸಾಹದಿಂದ ವರದಿಯನ್ನು ಓದಿದವರು ಎಷ್ಟು ಮಂದಿ?

ಮುರ್ಕಿಯ ನಾಲ್ಕನೇ ದಿನ, ಜುಲೈ 17ರಂದು, ಸುಪ್ರೀಂ ಕೋರ್ಟ್ ಗುಂಪುಹತ್ಯೆಗೆ ಪ್ರತ್ಯೇಕ ಕಾನೂನು ಬರಲಿ ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ 103(2)ನೇ ಕಲಮಿನಲ್ಲಿ ಗುಂಪುಹತ್ಯೆಗೆ ಮರಣದಂಡನೆಯವರೆಗೂ ಅವಕಾಶವಿದೆ. ಅದು ಹೊಡೆದವರಿಗಾಯಿತು. ಹಾರ ಹಾಕುವವರಿಗೆ ಕಲಮು ಬೇಕಿಲ್ಲ, ಅವರು ಓಟು ಕೇಳಲು ಮನೆ ಬಾಗಿಲಿಗೇ ಬರುತ್ತಾರೆ. ರಸ್ತೆ, ನೀರಿನ ಮಾತಿಗೆ ಮುಂಚೆ ಇದನ್ನೇ ಕೇಳಿ: ಯಾರ ಕೊರಳಿಗೆ ಹಾಕಿದಿರಿ, ಯಾಕೆ ಹಾಕಿದಿರಿ?