ಸಂಬಳದ ದಿನದ ಸಾಕ್ಷಿ

1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ ನಾನು ಬಹಳ ಗೌರವಿಸುವ ಒಂದು ಕಲಮಿತ್ತು. ಗುತ್ತಿಗೆದಾರ ಸಂಬಳ ಬಟವಾಡೆ ಮಾಡುವಾಗ ಕಾರ್ಖಾನೆ ಮಾಲೀಕನ ಪ್ರತಿನಿಧಿ ಎದುರಿಗೇ ಇರಬೇಕು, ಹಣ ಕೈಸೇರಿದ್ದನ್ನು ಕಂಡು ಸಹಿ ಮಾಡಬೇಕು. ಗುತ್ತಿಗೆದಾರ ಕೊಡದಿದ್ದರೆ ಬಾಕಿಯನ್ನು ಮಾಲೀಕನೇ ತೆರಬೇಕು. ಆಳು ಕಳಿಸುವವನೊಬ್ಬ, ದುಡಿಸಿಕೊಳ್ಳುವವನೊಬ್ಬ ಆದಾಗ ಹೊಣೆ ಎಲ್ಲಿ ಜಾರುತ್ತದೆಂಬುದು ಅದನ್ನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಅದು ಜಾರಿದ್ದನ್ನು ಕೋಲಾರದ ನರಸಾಪುರದಲ್ಲಿ ಕಂಡೆವು. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಗ್ಗೆ, ರಾತ್ರಿ ಪಾಳಿ ಮುಗಿಸಿದವರು ಗಾಜು ಒಡೆದರು, ವಾಹನ ಉರುಳಿಸಿದರು. ದೊಂಬಿಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅದರ ಹಿಂದಿನ ಎರಡು ತಿಂಗಳನ್ನು ನೋಡಬೇಕು. ಕೆಲವೇ ತಿಂಗಳಲ್ಲಿ ಕೆಲಸಗಾರರ ಸಂಖ್ಯೆ ಹತ್ತು ಸಾವಿರ ದಾಟಿತ್ತು. ಬಹುಪಾಲು ಹಲವು ಏಜೆನ್ಸಿಗಳ ಮೂಲಕ ಬಂದವರು. ಪಾಳಿ 12 ಗಂಟೆಗೆ ಏರಿತ್ತು, ಹಾಜರಿಯ ಲೆಕ್ಕ ತಪ್ಪುತ್ತಿತ್ತು. ಎಂಜಿನಿಯರಿಂಗ್ ಓದಿದವರಿಗೆ 21,000 ರೂಪಾಯಿ ಎಂದು ಹೇಳಿ ಮೊದಲು 16,000, ಆಮೇಲೆ 12,000 ಕೊಟ್ಟರೆಂಬುದು ಕಾರ್ಮಿಕರ ದೂರು. ಓಟಿ ಹಣ ಯಾಕೆ ಬಂದಿಲ್ಲವೆಂದು ಕಂಪನಿಯನ್ನು ಕೇಳಿದರೆ ಏಜೆನ್ಸಿಯತ್ತ ಕೈ, ಏಜೆನ್ಸಿಯನ್ನು ಕೇಳಿದರೆ ಕಂಪನಿಯತ್ತ ಕೈ: ಗುತ್ತಿಗೆಯಲ್ಲಿ ದುಡಿದ ಯಾರಿಗಾದರೂ ಈ ಅಲೆದಾಟ ಗೊತ್ತು.

ಆ್ಯಪಲ್ ನಡೆಸಿದ ತನಿಖೆಯಲ್ಲೇ ಕೆಲಸದ ಅವಧಿಯ ನಿರ್ವಹಣೆ ಕೆಟ್ಟಿದ್ದು, ಅಕ್ಟೋಬರ್, ನವೆಂಬರ್ ಸಂಬಳ ಕೆಲವರಿಗೆ ತಡವಾಗಿದ್ದು ಹೊರಬಿತ್ತು. ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಇಷ್ಟಾಗಲು ಕಾರ್ಖಾನೆಯ ಗಾಜು ಒಡೆಯಬೇಕಾಯಿತೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ದೇಶದ ಸಂಘಟಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ಈಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿ ಗುತ್ತಿಗೆಯವರು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿದೆ. ಮೊದಲು 20 ಗುತ್ತಿಗೆ ಕಾರ್ಮಿಕರಿದ್ದಲ್ಲಿ ಕಾನೂನು ಅನ್ವಯಿಸುತ್ತಿತ್ತು, ಈಗ 50 ಜನ ಇರಬೇಕು. ಮುಖ್ಯ ಉತ್ಪಾದನೆಗೆ ಗುತ್ತಿಗೆಯವರನ್ನು ಹಚ್ಚಬಾರದೆಂದಿದೆ ನಿಜ. ಕೆಲಸ ಹಠಾತ್ತನೆ ಹೆಚ್ಚಿದರೆ ಹಚ್ಚಬಹುದೆಂದೂ ಇದೆ. ನರಸಾಪುರದಲ್ಲಿ ಆಗಿದ್ದೂ ಹಠಾತ್ ಹೆಚ್ಚಳವೇ! ಬಾಕಿಯ ಹೊಣೆ ಮಾಲೀಕನ ಮೇಲೇ ಉಳಿದಿದೆ, ಅಷ್ಟು ಸಮಾಧಾನ. ಆದರೆ ಸಂಬಳ ಬ್ಯಾಂಕ್ ಖಾತೆಗೆ ಹೋಗುತ್ತದೆ. ಎಷ್ಟು ಕೊಟ್ಟೆನೆಂದು ಗುತ್ತಿಗೆದಾರ ಮಾಲೀಕನಿಗೆ ಕಂಪ್ಯೂಟರಿನಲ್ಲಿ ತಿಳಿಸಿದರೆ ಸಾಕು, ಎದುರಿಗಿದ್ದು ಸಹಿ ಮಾಡುವ ಸಾಕ್ಷಿ ಬೇಕಿಲ್ಲ.

ನಗದಿನ ಕಾಲ ಮರಳಲಿ ಎನ್ನುತ್ತಿಲ್ಲ. ಖಾತೆಗೆ ಬಂದ ಹಣಕ್ಕೆ ಬ್ಯಾಂಕಿನಲ್ಲಿ ದಾಖಲೆ ಇರುತ್ತದೆ, ಬರಬೇಕಾಗಿದ್ದ ಹಣಕ್ಕೆ ಇರುವುದಿಲ್ಲ. ಆ ಲೆಕ್ಕ ಹುಟ್ಟುವುದು ಹಾಜರಿಯಲ್ಲಿ. ಪಾಳಿ ಮುಗಿದ ಕೂಡಲೇ ದುಡಿದ ಗಂಟೆ, ಓಟಿ ಎಷ್ಟೆಂದು ಕಾರ್ಮಿಕರ ಮೊಬೈಲಿಗೆ ಕನ್ನಡದಲ್ಲೇ ಬರಲಿ, ಕೆಳಗೆ ಉತ್ತರ ಹೇಳಬೇಕಾದ ಕಂಪನಿಯ ಅಧಿಕಾರಿಯ ಹೆಸರಿರಲಿ. ಮೊಬೈಲನ್ನೇ ತಯಾರಿಸುವ ಕಾರ್ಖಾನೆಗೆ ಇದು ಆಗದ ಕೆಲಸವೇನಲ್ಲ.