ಹಳೆಯ ಟಿವಿ ಗೇಮನ್ನು ಗುಜರಿಗೆ ಹಾಕುವ ಮೊದಲು



ನಿಮ್ಮ ಮನೆಯ ಅಟ್ಟದ ಮೇಲೋ, ಸೋದರಮಾವನ ಮನೆಯ ಕಪಾಟಿನಲ್ಲೋ ಒಂದು ಪ್ಲಾಸ್ಟಿಕ್ ಯಂತ್ರ ಧೂಳು ತಿನ್ನುತ್ತಾ ಕುಳಿತಿರಬಹುದು. ಜೊತೆಗೆ ವೈರು ಸುತ್ತಿಟ್ಟ ಎರಡು ರಿಮೋಟು, ಹಳದಿ ಬಣ್ಣದ ಒಂದು ಕ್ಯಾಸೆಟ್. ಕೆಲವರ ಮನೆಯಲ್ಲಿ ಒಂದು ಆಟಿಕೆ ಬಂದೂಕೂ ಇರಬಹುದು. ಅದೇ ಟಿವಿ ಗೇಮ್. 1990ರ ದಶಕದಲ್ಲಿ ಮತ್ತು ಆಮೇಲೆ ಶಿವಮೊಗ್ಗ, ಭದ್ರಾವತಿಗಳ ಎಷ್ಟೋ ಮನೆಗಳಿಗೆ ಇದು ಬಂತು. ನಿಮ್ಮ ಅಪ್ಪ, ಅಮ್ಮ, ಚಿಕ್ಕಪ್ಪ ಇದರಲ್ಲಿ ಮಾರಿಯೋನನ್ನು ಓಡಿಸಿರಬಹುದು, ಟ್ಯಾಂಕ್ ಹೊಡೆದಿರಬಹುದು. ಕೇಳಿ ನೋಡಿ.

ಈಗ ಇದನ್ನು ಏನು ಮಾಡಬೇಕು? "ಮಕ್ಕಳ ತಲೆ ಕೆಡಿಸುವ ವಸ್ತು, ಗುಜರಿಗೆ ಹಾಕಿ" ಎನ್ನುವವರಿದ್ದಾರೆ. "ಮೊಬೈಲ್ ಇರುವಾಗ ಇದೇಕೆ?" ಎನ್ನುವವರೂ ಇದ್ದಾರೆ. ನನ್ನ ಅಭಿಪ್ರಾಯ ಬೇರೆ. ಕೆಲಸ ಮಾಡುವ ಒಂದು ಟಿವಿ ಗೇಮ್ ಸಿಕ್ಕರೆ ಅದಕ್ಕೆ ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಜಾಗ ಕೊಡಬೇಕು ಎನ್ನುತ್ತೇನೆ. ಯಾಕೆ ಎಂದು ಹೇಳುತ್ತೇನೆ. ಅದರ ಕುಂದುಕೊರತೆಗಳನ್ನೂ ಮುಚ್ಚಿಡುವುದಿಲ್ಲ. ಓದಿದ ಮೇಲೆ ನೀವೇ ತೀರ್ಮಾನಿಸಿ.

ಇದರ ಹುಟ್ಟು

ಇದರ ಮೂಲ ಜಪಾನಿನಲ್ಲಿದೆ. 1983ರ ಜುಲೈ 15ರಂದು ನಿಂಟೆಂಡೊ ಕಂಪನಿ ಅಲ್ಲಿ 'ಫ್ಯಾಮಿಕಾಮ್' ಎಂಬ ಆಟದ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥರು ಮಸಾಯುಕಿ ಉಯೆಮುರ ಎಂಬ ಎಂಜಿನಿಯರ್. ಅವರು 2021ರಲ್ಲಿ ತೀರಿಕೊಂಡರು. ಲೋಕದಾದ್ಯಂತ ಈ ಯಂತ್ರ 6 ಕೋಟಿಗೂ ಹೆಚ್ಚು ಮಾರಾಟವಾಯಿತು. ಆದರೆ ನಮ್ಮ ಮನೆಗಳಿಗೆ ಬಂದವುಗಳಲ್ಲಿ ಹೆಚ್ಚಿನವು ಬೇರೆ ಬೇರೆ ಹೆಸರಿನಲ್ಲಿ ಬಂದ ಅದರ ನಕಲುಗಳು. ನಕಲಾದರೂ ಒಳಗಿನ ಕ್ರಮ ಮಾತ್ರ ಒಂದೇ.

ಅದರ ಮಿದುಳು 6502 ಎಂಬ ಚಿಪ್ಪಿನ ವಂಶಕ್ಕೆ ಸೇರಿದ್ದು. ಈ ಚಿಪ್ಪು 1975ರಲ್ಲಿ ಅಮೆರಿಕದಲ್ಲಿ ಬಂತು. ಬೆಲೆ ಕೇವಲ 25 ಡಾಲರ್ ಆಗಿದ್ದರಿಂದ ಜನಸಾಮಾನ್ಯರ ಕಂಪ್ಯೂಟರಿಗೆ ದಾರಿಯಾಯಿತು. 1984-85ರಲ್ಲಿ ಭಾರತ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಲ್ಲಿ ಸುಮಾರು 250 ಶಾಲೆಗಳಿಗೆ 'ಬಿಬಿಸಿ ಮೈಕ್ರೋ' ಕಂಪ್ಯೂಟರುಗಳನ್ನು ಕೊಟ್ಟಿತು. ಅವುಗಳ ಮಿದುಳೂ ಇದೇ 6502! ಶಾಲೆಗೆ ಬಂದಾಗ ಕಂಪ್ಯೂಟರ್, ಮನೆಗೆ ಬಂದಾಗ ಆಟಿಕೆ. ಯೋಚಿಸಬೇಕಾದ ವಿಷಯವಲ್ಲವೇ?

ಗುಣಗಳು

ಮೊದಲನೆಯದು, ಇದು ತೀರಾ ಚಿಕ್ಕದು. ಚಿಕ್ಕದಾದ್ದರಿಂದಲೇ ಪೂರ್ತಿ ಅರ್ಥ ಮಾಡಿಕೊಳ್ಳಬಹುದು. ಇದರ ಕೆಲಸದ ಸ್ಮೃತಿ ಬರೀ 2,048 ಬೈಟು. ಕಂಪ್ಯೂಟರಿನಲ್ಲಿ ಇಂದು ಬಳಕೆಯಲ್ಲಿರುವ ಯೂನಿಕೋಡ್ ಕ್ರಮದಲ್ಲಿ 'ಶಿವಮೊಗ್ಗ' ಎಂದು ಒಮ್ಮೆ ಬರೆಯಲು ಸಾಮಾನ್ಯವಾಗಿ 24 ಬೈಟು ಬೇಕು. ಭಾಗಿಸಿ ನೋಡಿ: 85 ಸಲ ಬರೆದರೆ ಜಾಗ ಮುಗಿಯುತ್ತದೆ. ಅಷ್ಟರಲ್ಲೇ ಮಾರಿಯೋ ಎಲ್ಲಿದ್ದಾನೆ, ಎಷ್ಟು ನಾಣ್ಯ ಸಿಕ್ಕಿದೆ, ಎಷ್ಟು ಲೈಫ್ ಉಳಿದಿದೆ ಎಂಬ ಎಲ್ಲ ಲೆಕ್ಕವೂ ನಡೆಯಬೇಕು. 1985ರ 'ಸೂಪರ್ ಮಾರಿಯೋ' ಆಟ ಇಡಿಯಾಗಿ 40,960 ಬೈಟು ಮಾತ್ರ. ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೋ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಜಾಗ ಉಳಿಸಲು ಅವರು ಮಾಡಿದ ಉಪಾಯ ನೋಡಿ. ಆ ಆಟದಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಎರಡೂ ಒಂದೇ ಚಿತ್ರ! ಬಿಳಿ ಬಣ್ಣ ಕೊಟ್ಟರೆ ಮೋಡ, ಹಸಿರು ಕೊಟ್ಟರೆ ಪೊದೆ. ಹಳೆ ಸೀರೆಯಲ್ಲಿ ಕೌದಿ ಹೊಲಿಯುವ ಅಜ್ಜಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಇರುವುದರಲ್ಲೇ ಅಚ್ಚುಕಟ್ಟು ಮಾಡುವುದೂ ಒಂದು ವಿಜ್ಞಾನ.

ಎರಡನೆಯದು, ಇದಕ್ಕೆ ಇಂಟರ್‌ನೆಟ್ ಬೇಡ. ನಡುವೆ ಜಾಹೀರಾತು ಬರುವುದಿಲ್ಲ. "ಇನ್ನೂ ಹಣ ಕೊಡು" ಎಂದು ಕೇಳುವುದಿಲ್ಲ. ನೀವು ಏನು ಆಡಿದಿರಿ ಎಂದು ಯಾರಿಗೂ ವರದಿ ಒಪ್ಪಿಸುವುದಿಲ್ಲ. ಇಬ್ಬರು ಪಕ್ಕಪಕ್ಕದಲ್ಲಿ ಕುಳಿತು, ಒಬ್ಬರನ್ನೊಬ್ಬರು ತಳ್ಳುತ್ತಾ, ನಗುತ್ತಾ ಆಡಬಹುದು. ಗುಂಡಿ ಒತ್ತಿದರೆ ಆರುತ್ತದೆ. ಮೊಬೈಲ್ ಆಟಗಳಲ್ಲಿ ಈ ಗುಣಗಳು ಅಪರೂಪ.

ಕುಂದುಗಳು

ಇನ್ನು ಕುಂದುಗಳು. ಕ್ಯಾಸೆಟ್ ಮೇಲೆ ಬರೆದಿರುವುದನ್ನು ಓದಿ. '999999 ಆಟಗಳು' ಎಂದಿರಬಹುದು. ನಂಬಬೇಕೇ? ಲೆಕ್ಕ ಹಾಕಿ. ಒಂದೊಂದು ಆಟ ಮಾರಿಯೋ ಆಟದಷ್ಟು ದೊಡ್ಡದಾದರೆ ಒಟ್ಟು ಸುಮಾರು 4,096 ಕೋಟಿ ಬೈಟು ಬೇಕು. ಅಷ್ಟು ಜಾಗ ಆ ಕ್ಯಾಸೆಟ್ಟಿನಲ್ಲಿ ಎಲ್ಲಿಂದ ಬರಬೇಕು? ಒಂದೊಂದನ್ನು ಒಂದೇ ನಿಮಿಷ ಪರೀಕ್ಷಿಸಿದರೂ ಹಗಲು ರಾತ್ರಿ 694 ದಿನ ಕೂರಬೇಕು. ಕೆಲವೇ ಆಟಗಳು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಹಂತದಿಂದ ಮತ್ತೆ ಮತ್ತೆ ಬರುತ್ತವೆ. ಸ್ಲೇಟಿನಲ್ಲಿ ಪಟ್ಟಿ ಮಾಡುತ್ತಾ ಹೋದರೆ ಬಣ್ಣ ಬಯಲಾಗುತ್ತದೆ. ಅಚ್ಚಾದದ್ದೆಲ್ಲ ನಿಜವಲ್ಲ ಎಂಬ ಪಾಠ ಪೆಟ್ಟಿಗೆಯ ಮೇಲೇ ಇದೆ. ಇನ್ನೊಂದು ಮಾತು. ಇಂಥ ಕ್ಯಾಸೆಟ್ಟುಗಳ ಬಹುಪಾಲು ಆಟಗಳು ಮೂಲ ತಯಾರಕರ ಅನುಮತಿಯಿಲ್ಲದೆ ನಕಲು ಮಾಡಿದವು. ಅದು ಸರಿಯಲ್ಲ. ಅದನ್ನು ಸರಿಯಲ್ಲ ಎಂದೇ ಹೇಳಬೇಕು.

ಎರಡನೆಯ ಕುಂದು ಮರೆವು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗುವುದು ನಿಮಗೆ ಗೊತ್ತೇ ಇದೆ. ಏಳನೇ ಹಂತಕ್ಕೆ ಬಂದಾಗ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಶುರು. ಯಾಕೆಂದರೆ ಆ 2,048 ಬೈಟುಗಳ ಸ್ಮೃತಿ ವಿದ್ಯುತ್ ಇರುವವರೆಗೆ ಮಾತ್ರ ಉಳಿಯುವಂಥದ್ದು. ಕ್ಯಾಸೆಟ್ಟಿನ ಸ್ಮೃತಿ ಹಾಗಲ್ಲ. ಅದು ಕರೆಂಟು ಹೋದರೂ ಅಳಿಯುವುದಿಲ್ಲ. ಮೊದಲನೆಯದು ಕರಿಹಲಗೆಯಾದರೆ ಎರಡನೆಯದು ಪಠ್ಯಪುಸ್ತಕ.

ಮೂರನೆಯದು ಲೆಕ್ಕದ ಮಿತಿ. ಈ ಚಿಪ್ಪು 8 ಬಿಟ್ಟಿನದು. 2ನ್ನು 8 ಸಲ ಗುಣಿಸಿದರೆ 256. ಹಾಗಾಗಿ ಒಂದು ಬೈಟಿನಲ್ಲಿ 0ಯಿಂದ 255ರವರೆಗೆ ಮಾತ್ರ ಬರೆಯಬಹುದು. ಋಣ ಸಂಖ್ಯೆಗಳೂ ಬೇಕೆಂದರೆ –128ರಿಂದ 127ರವರೆಗೆ. ಮಾರಿಯೋ ಆಟದಲ್ಲಿ ಅತಿಯಾಸೆಯಿಂದ ಲೈಫ್ ಸೇರಿಸುತ್ತಾ ಈ ಗಡಿ ದಾಟಿಸಿದರೆ ಯಂತ್ರ ಅದನ್ನು ಋಣ ಸಂಖ್ಯೆ ಎಂದು ತಿಳಿದು, ಒಮ್ಮೆ ಸತ್ತ ಕೂಡಲೇ ಆಟವನ್ನೇ ಮುಗಿಸಿಬಿಡುತ್ತದೆ!

ನಾಲ್ಕನೆಯದು ನಮ್ಮ ಭಾಷೆಗೆ ಸಂಬಂಧಿಸಿದ್ದು. ಪರದೆಯ ಚಿತ್ರಗಳೆಲ್ಲ 8 ಅಡ್ಡ, 8 ಉದ್ದದ ಚುಕ್ಕಿಗಳ ಚೌಕಗಳಿಂದ ಆದವು. ಗ್ರಾಫ್ ಹಾಳೆಯಲ್ಲಿ ಅಂಥ ಒಂದು ಚೌಕ ಬರೆದು ಇಂಗ್ಲಿಷಿನ ಮೊದಲ ಅಕ್ಷರ ತುಂಬಿಸಿ. ಸುಲಭ. ಈಗ 'ಕ್ಷ' ತುಂಬಿಸಿ. ತಿಣುಕಬೇಕು, ಅಲ್ಲವೇ? ಹಿನ್ನೆಲೆಗೆ ಒಮ್ಮೆಗೆ ಸಿಗುವ ಚೌಕದ ನಮೂನೆಗಳು 256. ಕನ್ನಡದ 34 ವ್ಯಂಜನಗಳಿಗೆ 13 ಸ್ವರ ಸೇರಿಸಿದ ಕಾಗುಣಿತವೇ 442! ಒತ್ತಕ್ಷರ ಬೇರೆ. ಅಸಾಧ್ಯವೇನಲ್ಲ, ನಾಲ್ಕು ಚೌಕ ಸೇರಿಸಿ ಒಂದು ಅಕ್ಷರ ಬರೆಯಬಹುದು. ಆದರೆ ಯಾರಾದರೂ ಕುಳಿತು ಮಾಡಬೇಕು. ಯಂತ್ರ ಮಾಡುವವರು ಯಾವ ಭಾಷೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೋ ಆ ಭಾಷೆಗೆ ದಾರಿ ಸಲೀಸು. ನಾಳೆ ಯಂತ್ರ ಮಾಡುವವರು ನೀವಾದರೆ ಕನ್ನಡವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆಟದಾಚೆಗಿನ ಉಪಯೋಗ

ಕೆಲವು ಯಂತ್ರಗಳಿಗೆ ಕೀಲಿಮಣೆ ಇರುತ್ತಿತ್ತು. 'ಕಂಪ್ಯೂಟರ್' ಎಂಬ ಹೆಸರಿನಲ್ಲೇ ಅವು ಮಾರಾಟವಾಗುತ್ತಿದ್ದವು. ಅವುಗಳಲ್ಲಿ ಟೈಪಿಂಗ್ ಅಭ್ಯಾಸ ಮಾಡಬಹುದು. ಬೇಸಿಕ್ ಎಂಬ ಭಾಷೆ ಇದ್ದರೆ, ಒಂದರಿಂದ ನೂರರವರೆಗಿನ ಸಂಖ್ಯೆಗಳನ್ನು ಕೂಡಿಸುವ ಪುಟ್ಟ ಕ್ರಮವಿಧಿಯನ್ನು ನೀವೇ ಬರೆಯಬಹುದು. 2008ರಲ್ಲಿ ಶುರುವಾದ 'ಪ್ಲೇಪವರ್' ಎಂಬ ತಂಡ ಇಂಥ ಅಗ್ಗದ ಯಂತ್ರಗಳಿಗಾಗಿಯೇ ಕಲಿಕೆಯ ಆಟಗಳನ್ನು ಮಾಡಲು ಹೊರಟಿತ್ತು. ಹನುಮಂತನನ್ನು ನಾಯಕನಾಗಿಸಿದ ಒಂದು ರಸಪ್ರಶ್ನೆ ಆಟವೂ ಅದರಲ್ಲಿತ್ತು. ಅಷ್ಟರಲ್ಲಿ ಮೊಬೈಲುಗಳು ಅಗ್ಗವಾಗತೊಡಗಿದವು.

ಕೀಲಿಮಣೆ ಇಲ್ಲದಿದ್ದರೂ ಚಿಂತೆಯಿಲ್ಲ. ರಿಮೋಟನ್ನೇ ನೋಡಿ. ಅದರಲ್ಲಿ ಮುಖ್ಯವಾಗಿ 8 ಗುಂಡಿಗಳಿವೆ. ಒಳಗೆ ಬೇಕಾದದ್ದು 5 ತಂತಿ ಮಾತ್ರ. ಅವುಗಳಲ್ಲಿ ಎರಡು ವಿದ್ಯುತ್ತಿಗೆ. ಉಳಿದ ಮೂರರಲ್ಲಿ 8 ಗುಂಡಿಗಳ ಸುದ್ದಿ ಹೇಗೆ ಹೋಗುತ್ತದೆ? ನಿಮ್ಮ ಟೀಚರ್ ಹಾಜರಿ ಕೂಗುವ ಹಾಗೆ! ಯಂತ್ರ ಒಂದೊಂದೇ ಗುಂಡಿಯ ಸರದಿ ಕರೆಯುತ್ತದೆ. ಒತ್ತಿದ್ದರೆ 'ಹಾಜರ್', ಇಲ್ಲದಿದ್ದರೆ 'ಗೈರು' ಎಂಬ ಉತ್ತರ ಒಂದೇ ತಂತಿಯಲ್ಲಿ ಸಾಲಾಗಿ ಬರುತ್ತದೆ. ತರಗತಿಯಲ್ಲಿ ಎಂಟು ಮಕ್ಕಳು ಸಾಲಾಗಿ ನಿಂತು ಇದನ್ನು ಅಭಿನಯಿಸಿ. ಕಂಪ್ಯೂಟರುಗಳು ಪರಸ್ಪರ ಮಾತಾಡುವ ಬಗೆ ತಾನೇ ತಿಳಿಯುತ್ತದೆ.

ಬಾತುಕೋಳಿ ಹೊಡೆಯುವ ಬಂದೂಕಿನಿಂದ ಏನೂ ಹಾರುವುದಿಲ್ಲ. ಅದು ಬೆಳಕನ್ನು ನೋಡುವ ಕಣ್ಣು. ಕುದುರೆ ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಮಾತ್ರ ಏಟು ಬಿದ್ದಂತೆ. ಕತ್ತಲೆ ಯಾಕೆ ಬೇಕು? ಯಾರಾದರೂ ಬಂದೂಕನ್ನು ಉರಿಯುವ ಬಲ್ಬಿಗೆ ಹಿಡಿದು ಮೋಸ ಮಾಡಬಾರದಲ್ಲ! ವಿಜ್ಞಾನದ ಪ್ರಯೋಗದಲ್ಲೂ ಹೀಗೆಯೇ ಒಂದು ಹೋಲಿಕೆಯ ಪರೀಕ್ಷೆ ಇರಬೇಕು. ಇದು ಹಳೆಯ ಗಾಜಿನ ಕೊಳವೆಯ ಟಿವಿಗೆ ಹೊಂದುವಂತೆ ಮಾಡಿದ್ದು. ಈಗಿನ ತೆಳು ಟಿವಿಯಲ್ಲಿ ಚಿತ್ರ ತುಸು ತಡವಾಗಿ ಮೂಡುವುದರಿಂದ ಸಾಮಾನ್ಯವಾಗಿ ಗುರಿ ಹಿಡಿಯುವುದಿಲ್ಲ.

ಎಚ್ಚರಿಕೆಯ ಮಾತು

ಈ ಭಾಗವನ್ನು ಮಾತ್ರ ಎರಡು ಸಲ ಓದಿ. ಹಳೆಯ ಟಿವಿಯ ಹಿಂಬದಿಯನ್ನು ಎಂದಿಗೂ ತೆಗೆಯಬೇಡಿ. ಬಣ್ಣದ ಟಿವಿಯ ಕೊಳವೆಗೆ 20,000 ವೋಲ್ಟಿಗೂ ಹೆಚ್ಚು ಬೇಕು. ಟಿವಿ ಆರಿಸಿದ ಮೇಲೂ ಒಳಗೆ ಅಪಾಯಕಾರಿ ವಿದ್ಯುದಾವೇಶ ಉಳಿದಿರಬಹುದು. ಅಡಾಪ್ಟರನ್ನು ಬಿಚ್ಚಬೇಡಿ. ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದುವ ಅಭ್ಯಾಸ ಎಲ್ಲರಿಗೂ ಇದೆ. ಅದು ತಪ್ಪು. ಉಸಿರಿನ ತೇವ ಲೋಹದ ಪಟ್ಟಿಗಳನ್ನು ಕೆಡಿಸುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ಪಟ್ಟಿಗಳನ್ನು ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ಇನ್ನೂ ಮುಖ್ಯವಾದದ್ದು: ತಾಮ್ರ ಸಿಗುತ್ತದೆಂದು ವೈರು ಸುಡಬೇಡಿ, ಸುಡುವವರ ಹತ್ತಿರ ನಿಲ್ಲಬೇಡಿ. ಆ ಹೊಗೆ ವಿಷ. ಹಳೆಯ ಬೆಸುಗೆಯಲ್ಲಿ, ಟಿವಿಯ ಗಾಜಿನಲ್ಲಿ ಸೀಸವಿದೆ. ಅದು ನಿಮ್ಮ ವಯಸ್ಸಿನವರ ಮಿದುಳಿಗೆ ಹಾನಿಕರ. ಭದ್ರಾವತಿಯ ಮಕ್ಕಳಿಗೆ ಇದನ್ನು ಬೇಗ ಅರ್ಥ ಮಾಡಿಸಬಹುದು. ನಿಮ್ಮ ಊರಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಲೋಹ ಕರಗಿಸುವುದು ಕುಲುಮೆ, ತಜ್ಞರು, ರಕ್ಷಣಾ ಉಡುಪು ಎಲ್ಲ ಇರುವ ಜಾಗದ ಕೆಲಸ. ಹಿತ್ತಲಿನ ಕೆಲಸವಲ್ಲ. ಪೂರ್ತಿ ಕೆಟ್ಟ ಯಂತ್ರವನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೇ ಕೊಡಬೇಕು. ಇದಕ್ಕಾಗಿ 2022ರಲ್ಲಿ ಮಾಡಿದ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ.

ನನ್ನ ಸಲಹೆ

ಪ್ರತಿ ಸಮೂಹ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಒಂದು ಯಂತ್ರ ಇರಲಿ. ಶಾಲೆಗಳು ಸರದಿಯಲ್ಲಿ ಬಳಸಲಿ. ನಿಯಮ ಮೂರು. ಶಿಕ್ಷಕರು ಜೊತೆಗಿರಬೇಕು. ಒಂದು ಜೋಡಿಗೆ 15 ನಿಮಿಷ ಮಾತ್ರ. ಆಡಿದವರು ಒಂದು ಪ್ರಶ್ನೆ ಬರೆದು ಕೊಡಬೇಕು.

ಕಂಪ್ಯೂಟರ್ ಕಲಿಕೆಗೆ ಇದೇ ಸಾಕು ಎಂದು ನಾನು ಹೇಳುತ್ತಿಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ಹಳೆಯದು ಸಾಕು ಎನ್ನುವವರ ಮಾತನ್ನು ನಾನು ಒಪ್ಪುವುದೂ ಇಲ್ಲ. ಹೊಸ ಕಂಪ್ಯೂಟರು ನಿಮಗೆ ಬೇಕೇ ಬೇಕು. ಆದರೆ ಹೊಸದರ ಒಳಗೆ ಇಣುಕುವುದು ಕಷ್ಟ. ಸೈಕಲ್ ಬಿಚ್ಚಿ ಜೋಡಿಸಿ ಗೊತ್ತಿದ್ದವರಿಗೆ ಬಸ್ಸಿನ ಎಂಜಿನ್ ಹೆದರಿಸುವುದಿಲ್ಲ. ಹಾಗೆಯೇ ಇದು.

ನಿಮಗೊಂದು ಲೆಕ್ಕ ಬಿಟ್ಟಿದ್ದೇನೆ. ಜಪಾನಿನ ಯಂತ್ರ ಸೆಕೆಂಡಿಗೆ ಸುಮಾರು 60 ಸಲ ಚಿತ್ರ ಬರೆಯುತ್ತದೆ. ನಮ್ಮ ದೇಶದ ಟಿವಿ ಪದ್ಧತಿಗೆ ಮಾಡಿದ ಯಂತ್ರ 50 ಸಲ. ಒಂದೊಂದು ಚಿತ್ರಕ್ಕೆ ಒಂದೊಂದು ಹೆಜ್ಜೆಯಂತೆ ಆಟ ಸಾಗುತ್ತದೆ ಎಂದುಕೊಳ್ಳಿ. ಅಲ್ಲಿ ಒಂದು ನಿಮಿಷದಲ್ಲಿ ಮುಗಿಯುವ ಓಟಕ್ಕೆ ಇಲ್ಲಿ ಎಷ್ಟು ಸೆಕೆಂಡು ಬೇಕು? ಉತ್ತರವನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ನನ್ನ ಅಭಿಪ್ರಾಯ ನಿಮಗೆ ಒಪ್ಪಿಗೆಯಾಗದಿದ್ದರೆ, ಯಾಕೆ ಒಪ್ಪುವುದಿಲ್ಲ ಎಂದು ಕಾರಣ ಸಹಿತ ತರಗತಿಯಲ್ಲಿ ವಾದಿಸಿ.