ತವರೇ ಎದ್ದು ಹೋದಾಗ



ಹೋದ ವಾರ ನಮ್ಮ ಬಾಡಗಂಡಿಯ ನೆರೆಮನೆಯಾಕೆ ಬಂದು ಕಟ್ಟೆಯ ಮೇಲೆ ಕುಳಿತಳು. "ಅಕ್ಕಾರ, ಮಗಳ ಬಾಣಂತನಕ್ಕ ನಾನೂ ಪರದೇಶಕ್ಕ ಹೊಂಟೀನ್ರಿ. ಏನೇನು ಕಟಗೊಂಡು ಹೋಗ್ಲಿ, ಹೇಳ್ರಿ" ಎಂದಳು. ಬೀಳಗಿ, ಮುಧೋಳ, ಜಮಖಂಡಿ ಕಡೆಯ ಊರುಗಳಲ್ಲೂ ಮಕ್ಕಳು ಪರದೇಶದಲ್ಲಿರುವ ಮನೆಗಳು ಈಗ ಅಪರೂಪವಲ್ಲ. ಆಕೆಗೆ ಹೇಳಿದ್ದನ್ನೇ ನಿಮಗೂ ಹೇಳೋಣವೆಂದು ಈ ಸಲದ ಪುಟವನ್ನು ಇದಕ್ಕೇ ಇಟ್ಟಿದ್ದೇನೆ. ಆಕೆಗೆ ಹೇಳಲು ಮರೆತದ್ದೂ ಒಂದಿದೆ. ಅದು ಕೊನೆಗೆ ಬರುತ್ತದೆ, ದಯಮಾಡಿ ಅಲ್ಲಿಯವರೆಗೂ ಓದಿ.

ಚೊಚ್ಚಲ ಹೆರಿಗೆ ತವರಲ್ಲಾಗಬೇಕು ಎನ್ನುವುದು ನಮ್ಮ ಪದ್ಧತಿ. ಆದರೆ ನಮ್ಮ ಮಗಳು ಇರುವುದು ಲಂಡನ್ನಿನಲ್ಲಿ. ಅವಳಿಗೆ ಬರಲಾಗಲಿಲ್ಲ, ಹಾಗಾಗಿ ತವರೇ ಎದ್ದು ಅವಳಲ್ಲಿಗೆ ಹೋಯಿತು! ನಮ್ಮನೆಯವರು ಹೈಸ್ಕೂಲು ಮಾಸ್ತರಿಕೆಯಿಂದ ನಿವೃತ್ತರು. ಬಾಗಲಕೋಟೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗುವುದೇ ನಮಗೆ ದೊಡ್ಡ ಪ್ರವಾಸ. ಅಂಥವರು 2023ರ ಮೇ ಕೊನೆಗೆ ವಿಮಾನ ಹತ್ತಿದೆವು. "ನಾವು ಮುಳುಗಡಿ ನಾಡಿನ ಮಂದಿ. ಆಲಮಟ್ಟಿ ಹಿನ್ನೀರು ಬಂದಾಗ ಊರಿಗೂರs ಎದ್ದು ಹೋಗಿದ್ದು ಕಂಡೀವಿ. ಲಂಡನ್ನಿಗೆ ಹೋಗಾಕ ಏನು ಅಂಜಿಕಿ?" ಎಂದು ಅವರು ನನಗೆ ಧೈರ್ಯ ಹೇಳಿದರು. ವಿಮಾನ ಮೇಲೇಳುವಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದವರೂ ಅವರೇ ಎನ್ನಿ!

ಮೊದಲು ಗಂಟುಮೂಟೆಯ ಮಾತು. ಕಡಕ್ ರೊಟ್ಟಿಯನ್ನು ಚೆನ್ನಾಗಿ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಗಟ್ಟಿ ಡಬ್ಬಿಗೆ ಹಾಕಿದೆ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿಗಳನ್ನು ಎಣ್ಣೆ ಸೋಕಿಸದೆ ಕುಟ್ಟಿ, ಎರಡೆರಡು ಚೀಲಗಳಲ್ಲಿ ಕಟ್ಟಿದೆ. ಧಾರವಾಡ ಪೇಢೆ, ಮನೆಯ ತುಪ್ಪ ಎರಡನ್ನೂ ಮಗಳು ಫೋನಿನಲ್ಲೇ ಬೇಡವೆಂದಳು. ನಮ್ಮ ದೇಶದಿಂದ ಹೋಗುವವರು ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಬ್ರಿಟನ್ನಿಗೆ ಒಯ್ಯುವಂತಿಲ್ಲ. ಹೀಗಾಗಿ ಅಂಟಿನುಂಡಿಗೆ ಅಂಟು, ಒಣಕೊಬ್ಬರಿ, ಅಳವಿಯನ್ನಷ್ಟೇ ಒಯ್ದೆ. ತುಪ್ಪವನ್ನು ಅಲ್ಲೇ ಕೊಂಡು ಉಂಡಿ ಕಟ್ಟಿದೆ. ಒಂದೊಂದು ದೇಶದ್ದು ಒಂದೊಂದು ನಿಯಮ. ಕಟ್ಟುವ ಮೊದಲೇ ಮಕ್ಕಳಿಂದ ಕೇಳಿಕೊಳ್ಳಿ.

ಇಷ್ಟೆಲ್ಲ ಜಾಣತನ ಮಾಡಿದವಳು ಒಂದು ದಡ್ಡತನವನ್ನೂ ಮಾಡಿದೆ. ನಮ್ಮನೆಯವರ ಬಿ.ಪಿ. ಗುಳಿಗೆಗಳನ್ನು ಜೋಪಾನವಾಗಿರಲಿ ಎಂದು ದೊಡ್ಡ ಪೆಟ್ಟಿಗೆಯ ತಳದಲ್ಲಿಟ್ಟೆ. ನಡುವೆ ಒಂದು ಕಡೆ ವಿಮಾನ ಬದಲಿಸಿದೆವು. ನಾವು ಲಂಡನ್ನಿನಲ್ಲಿ ಇಳಿದೆವು, ಪೆಟ್ಟಿಗೆ ಇಳಿಯಲಿಲ್ಲ! ರೊಟ್ಟಿ ಹೋದರೆ ಹೋಗಲಿ, ಗುಳಿಗೆ? ಮೂರನೆಯ ದಿನ ಮುಂಜಾನೆ ಅವರು ಗೋಡೆ ಹಿಡಿದು ನಿಂತು, "ತಲಿ ಗರ್ರ್ ಅಂತೈತಿ" ಎಂದಾಗ ನನ್ನ ಜೀವ ಬಾಯಿಗೆ ಬಂತು.

ಅಲ್ಲಿ ವೈದ್ಯರ ಚೀಟಿ ಇಲ್ಲದೆ ಅಂಗಡಿಗೆ ಹೋಗಿ ಬಿ.ಪಿ. ಗುಳಿಗೆ ಕೊಳ್ಳಲು ಬರುವುದಿಲ್ಲ. ಅಳಿಯಂದಿರು 111ಕ್ಕೆ ಫೋನು ಮಾಡಿದರು. ಜೀವಕ್ಕೆ ಅಪಾಯವಿದ್ದರೆ 999, ಇಂಥದಕ್ಕೆಲ್ಲ 111. ಅವರು ಹೇಳಿದಂತೆ ವೈದ್ಯರ ಹತ್ತಿರ ಹೋದೆವು. ಗುಳಿಗೆಯ ಹೆಸರೇನೆಂದು ವೈದ್ಯರು ಕೇಳಿದರೆ ನಮ್ಮ ಮಾಸ್ತರು ಏನೆನ್ನಬೇಕು? "ಬಿಳೇದು, ಸಣ್ಣದು, ಮುಂಜಾನೆದ್ದು!" ಕೊನೆಗೆ ಊರಲ್ಲಿದ್ದ ಮೈದುನನ ಮಗ ನಮ್ಮ ಕಪಾಟು ತೆಗೆದು, ಹಳೆಯ ಚೀಟಿಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿದ ಮೇಲೆ ಔಷಧ ಸಿಕ್ಕಿತು. ಪೆಟ್ಟಿಗೆ ಆರನೆಯ ದಿನ ಬಂತು. ರೊಟ್ಟಿ ಪುಡಿಯಾಗಿತ್ತು, ಒಗ್ಗರಣೆ ಹಾಕಿ ಮುಟಿಗಿ ಕಟ್ಟಿ ತಿಂದೆವು.

ಆದ್ದರಿಂದ ಇದನ್ನು ಗಂಟು ಹಾಕಿಕೊಳ್ಳಿ. ನಿತ್ಯದ ಗುಳಿಗೆಗಳು ಕೈಚೀಲದಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿಯೂ ಇರಲಿ. ಕಂಪನಿಯ ಹೆಸರು ಅಲ್ಲಿ ನಡೆಯದೆ ಹೋಗಬಹುದು, ಅದಕ್ಕೆ ಔಷಧದ ಮೂಲ ಹೆಸರನ್ನು ಚೀಟಿಯಲ್ಲಿ ಬರೆಸಿ. ಆರೋಗ್ಯ ವಿಮೆ ಮಾಡಿಸದೆ ಹೊರಡಲೇಬೇಡಿ. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳ ಚಿಕಿತ್ಸೆ 1948ರಿಂದ ಅಲ್ಲಿಯ ನಿವಾಸಿಗಳಿಗೆ ಉಚಿತ. ಆದರೆ ಇಂಗ್ಲೆಂಡಿನಲ್ಲಿ ನಮ್ಮಂಥ ಪ್ರವಾಸಿಗರು ದಾಖಲಾದರೆ ಖರ್ಚಿನ ಒಂದೂವರೆ ಪಟ್ಟು ತೆರಬೇಕು. ವಿಮೆಯ ಅರ್ಜಿಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಗಳನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಬೇಕಾದಾಗ ಹಣ ಬರುವುದಿಲ್ಲ.

ಜೂನಿನಲ್ಲಿ ಮೊಮ್ಮಗಳು ಹುಟ್ಟಿದಳು. ಮರುದಿನವೇ ತಾಯಿ ಮಗು ಇಬ್ಬರನ್ನೂ ಮನೆಗೆ ಕಳಿಸಿದರು! ನನಗೋ ನಲವತ್ತು ದಿನ ಬಾಣಂತಿ ಹೊರಸು ಬಿಟ್ಟಿಳಿಯಬಾರದೆಂಬ ಲೆಕ್ಕ. ಇನ್ನು ಅಲ್ಲಿಯ ಹೊತ್ತು ಕೇಳಬೇಡಿ. ಆ ತಿಂಗಳು ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂಕಾಲು ದಾಟಿದ ಮೇಲೆ. ನಾನು ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮೂರಲ್ಲಿ ನಡುರಾತ್ರಿ ಕಳೆದು ಎರಡು ಗಂಟೆಯ ಸುಮಾರು. "ಹೊತ್ತು ಮುಳುಗಿದ ಮ್ಯಾಲೆ ಉಣ್ಣೂಣು" ಎನ್ನುತ್ತಿದ್ದ ನಮ್ಮನೆಯವರು ನಾಲ್ಕೇ ದಿನಕ್ಕೆ ಆ ವ್ರತ ಬಿಟ್ಟರು.

ಹನ್ನೊಂದನೆಯ ದಿನ ಕೂಸಿಗೆ ಎರೆದು, ಲೋಬಾನದ ಹೊಗೆ ಹಾಕೋಣವೆಂದು ತಟ್ಟೆಯಲ್ಲಿ ಕೆಂಡ ಮಾಡಿಕೊಂಡೆ. ಒಂದೆಳೆ ಹೊಗೆ ಮೇಲೇರಿತೋ ಇಲ್ಲವೋ, ಮಾಳಿಗೆಗೆ ಅಂಟಿಸಿದ್ದ ಗಂಟೆ ಕಿವಿ ಹರಿಯುವಂತೆ ಕಿರುಚತೊಡಗಿತು. ಕೂಸು ಚೀರಿತು, ನಾನು ಅದಕ್ಕಿಂತ ಹೆಚ್ಚು ಚೀರಿದೆ. ನಮ್ಮನೆಯವರು ಧೋತರದ ಸೆರಗಿನಿಂದ ಗಂಟೆಗೆ ಗಾಳಿ ಬೀಸುತ್ತ ಕುರ್ಚಿಯ ಮೇಲೆ ನಿಂತಿದ್ದರು! ಬೆಂಕಿ ಬಿದ್ದರೆ ಎಚ್ಚರಿಸಲು ಮನೆಮನೆಗೂ ಅಂಥ ಗಂಟೆ ಇರುತ್ತದಂತೆ. ಎಳೆಗೂಸಿನ ಪುಪ್ಪುಸಕ್ಕೆ ಹೊಗೆ ಒಳ್ಳೆಯದಲ್ಲವೆಂದು ಆಮೇಲೆ ಮನೆಗೆ ಬಂದ ದಾದಿ ತಿಳಿಸಿ ಹೇಳಿದಳು. ನಮ್ಮೂರಿಗೂ ಒಪ್ಪುವ ಮಾತು. ಆ ದಿನದಿಂದ ಲೋಬಾನ ಬಿಟ್ಟೆ.

ಈಗ ಆ ಮರೆತ ಮಾತು.

ಮಗಳು ಅಳುತ್ತಿದ್ದಳು. ಮೊದಲ ವಾರದಲ್ಲಿ ಹಸಿ ಬಾಣಂತಿ, ನಿದ್ದೆ ಇಲ್ಲ, ಅಳುತ್ತಾಳೆ ಎಂದುಕೊಂಡೆ. ಎರಡನೆಯ ವಾರ ದೃಷ್ಟಿ ತೆಗೆದೆ. ಮೂರು ವಾರ, ನಾಲ್ಕು ವಾರ ಕಳೆದರೂ ಅದೇ ಅಳು. ನಾನು ಮಾಡಿದ ಸಬ್ಬಸಿಗೆ ಪಲ್ಲೆ ತಟ್ಟೆಯಲ್ಲೇ ಉಳಿಯುತ್ತಿತ್ತು. ಕೂಸು ಮಲಗಿದಾಗಲೂ ಅವಳಿಗೆ ನಿದ್ದೆ ಬರುತ್ತಿರಲಿಲ್ಲ, ಕಿಟಕಿಯ ಕಡೆ ನೋಡುತ್ತ ಕೂಡುತ್ತಿದ್ದಳು. ನಾನೇನು ಮಾಡಿದೆ ಗೊತ್ತೇ? ಬೈದೆ. "ಬಂಗಾರದಂಥ ಕೂಸು, ಪಾತ್ರೆ ತೊಳಿಯೋ ಗಂಡ, ಉಣ್ಣಾಕ ಉಡಾಕ ಎಲ್ಲಾ ಐತಿ. ಇನ್ನೇನಾಗೇತಿ ನಿನಗ?" ಎಂದೆ. ಅವಳು ಮಾತಾಡಲಿಲ್ಲ. ಅಂದಿನಿಂದ ನನ್ನೆದುರು ಅಳುವುದನ್ನೂ ಬಿಟ್ಟಳು. ಸದ್ಯ, ಸುಧಾರಿಸಿದಳು ಎಂದು ನಾನು ಸಮಾಧಾನಪಟ್ಟೆ.

ಆರನೆಯ ವಾರ ದಾದಿ ಮತ್ತೆ ಬಂದಳು. ಕೂಸಿನ ತೂಕ ನೋಡಿದಳು. ಆಮೇಲೆ ಮಗಳ ಮಗ್ಗುಲಲ್ಲಿ ಕುಳಿತು ಎರಡು ಪ್ರಶ್ನೆ ಕೇಳಿದಳು. ಒಂದು, ಕಳೆದ ತಿಂಗಳಲ್ಲಿ ಮನಸ್ಸು ಕುಗ್ಗಿದಂತೆ, ದಾರಿಯೇ ಕಾಣದಂತೆ ಮೇಲಿಂದ ಮೇಲೆ ಅನಿಸಿತ್ತೇ? ಇನ್ನೊಂದು, ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ, ಖುಷಿ ಇಲ್ಲ ಎಂದು ಅನಿಸಿತ್ತೇ? ಮಗಳು ಒಮ್ಮೆಲೇ ಬಿಕ್ಕಿದಳು. ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಅವ್ವಾ, ಕೂಸಿನ ಮ್ಯಾಲ ನನಗ ಮಾಯೇನ ಬರವಲ್ದು. ನಾ ಕೆಟ್ಟ ತಾಯಿ ಏನವ್ವಾ?" ಎಂದಳು.

ಸೋದರಿಯರೇ, ಆ ಹೊತ್ತು ನನಗೆ ನನ್ನ ಬಾಣಂತನ ನೆನಪಾಯಿತು. ಇದೇ ಮಗಳನ್ನು ಹಡೆದಾಗ ತವರಿನ ಹಿತ್ತಲಲ್ಲಿ ನೀರೊಲೆಯ ಮುಂದೆ ಕುಳಿತು ಎಷ್ಟು ದಿನ ಅತ್ತಿದ್ದೆನೋ! ಹೊಗೆಗೆ ಕಣ್ಣೀರು ಬಂದಿದೆ ಎಂದುಕೊಂಡರು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಪಟ್ಟ ಪಾಡನ್ನೇ ಮಗಳು ಪಡುವಾಗ ನನಗೆ ಗುರುತು ಸಿಗಲಿಲ್ಲವಲ್ಲ!

ದಾದಿ ತಿಳಿಸಿ ಹೇಳಿದ್ದು ಇಷ್ಟು. ಹೆರಿಗೆಯಾದ ಮೊದಲ ಎರಡು ವಾರ ಕಣ್ಣೀರು, ಕಿರಿಕಿರಿ ಬಹಳ ಜನಕ್ಕೆ ಬರುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ಮೀರಿದರೂ ಹೋಗದಿದ್ದರೆ ಅದು ಬಾಣಂತಿಯರ ಖಿನ್ನತೆ ಇರಬಹುದು. ಹತ್ತು ಜನ ತಾಯಂದಿರಲ್ಲಿ ಒಬ್ಬರಿಗಾದರೂ ಬರುವ ಕಾಯಿಲೆ ಅದು. ಸೊಕ್ಕಲ್ಲ, ದೃಷ್ಟಿಯಲ್ಲ, ತಾಯಿಯ ತಪ್ಪೂ ಅಲ್ಲ. ಮಾತಿನ ಚಿಕಿತ್ಸೆಯಿಂದ ಗುಣವಾಗುತ್ತದೆ. ಬೇಕಾದರೆ ಹಾಲೂಡಿಸುವಾಗಲೂ ಕೊಡಬಹುದಾದ ಗುಳಿಗೆಗಳಿವೆ, ಅದನ್ನು ವೈದ್ಯರೇ ನಿರ್ಧರಿಸಬೇಕು.

ವಾರಕ್ಕೊಮ್ಮೆ ಮಾತಿನ ಚಿಕಿತ್ಸೆ ಸುರುವಾಯಿತು. ಮನೆಯಲ್ಲೂ ಪಾಳಿ ಹಚ್ಚಿಕೊಂಡೆವು. ರಾತ್ರಿ ಕೂಸು ಎದ್ದರೆ ಹಾಲು ಕುಡಿಸುವುದಷ್ಟೇ ಮಗಳ ಕೆಲಸ. ಆಮೇಲೆ ಎತ್ತಿ ತಿರುಗುವುದು ಒಂದು ರಾತ್ರಿ ಅಳಿಯಂದಿರದು, ಒಂದು ರಾತ್ರಿ ನಮ್ಮ ಮಾಸ್ತರದು. ಮಕ್ಕಳನ್ನು ಎಂದೂ ತೊಟ್ಟಿಲಿಂದ ಎತ್ತದಿದ್ದ ಮನುಷ್ಯ ಮೊಮ್ಮಗಳಿಗೆ ಮಗ್ಗಿ ಹೇಳಿ ಮಲಗಿಸುವುದನ್ನು ಕಲಿತರು! ನಾನು ಬೈಯುವುದನ್ನು ಬಿಟ್ಟು, ದಿನಕ್ಕೊಮ್ಮೆ ಅವಳ ತಲೆಗೆ ಎಣ್ಣೆ ಹಚ್ಚುತ್ತ ಕೂತೆ. ಹೇಳಿದರೆ ಕೇಳುತ್ತಿದ್ದೆ, ಹೇಳದಿದ್ದರೆ ಎಣ್ಣೆ ಹಚ್ಚುತ್ತಿದ್ದೆ.

ಆಗಸ್ಟಿನ ಒಂದು ದಿನ ಅವಳೇ, "ಅಪ್ಪಾ, ಬಸವಣ್ಣನ ಹತ್ರ ಹೋಗೂಣು ನಡೀ" ಎಂದಳು. ಥೇಮ್ಸ್ ನದಿಯ ದಂಡೆಯಲ್ಲಿ, ಲ್ಯಾಂಬೆತ್ ಸೇತುವೆಯ ಹತ್ತಿರ ಬಸವೇಶ್ವರರ ಮೂರ್ತಿ ಇದೆ. ಲ್ಯಾಂಬೆತ್ತಿನ ಮೇಯರ್ ಆಗಿದ್ದ ಕಲಬುರಗಿಯ ಡಾ. ನೀರಜ್ ಪಾಟೀಲರು ಮುತುವರ್ಜಿ ವಹಿಸಿ ಮಾಡಿಸಿದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಸಮೀಪದಲ್ಲೇ ಆ ದೇಶದ ಪಾರ್ಲಿಮೆಂಟು. ಕೃಷ್ಣೆ ಮಲಪ್ರಭೆ ಕೂಡುವ ಸಂಗಮಕ್ಕೆ ಹೋಗಿ ಬಂದವರಿಗೆ ಪರನಾಡಿನ ಹೊಳೆಯ ದಂಡೆಯಲ್ಲಿ ಅವನನ್ನು ಕಂಡರೆ ಹೇಗಾಗಬೇಡ! ನಮ್ಮನೆಯವರು ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ಮಗಳು ಕೂಸನ್ನು ಎತ್ತಿ ಹಿಡಿದು, "ನೋಡಲ್ಲಿ, ನಿಮ್ಮಮ್ಮನ ಊರ ಕಡೆಯಾಂವ" ಎಂದಳು. ಕೂಸು ಬೊಚ್ಚು ಬಾಯಿ ತೆರೆದು ನಕ್ಕಿತು, ಅವಳೂ ನಕ್ಕಳು. ಹೆರಿಗೆಯಾದ ಮೇಲೆ ನಾನು ಕಂಡ ಅವಳ ಮೊದಲ ನಗೆ ಅದು. ಪೂರಾ ಗುಣವಾಗಲು ಇನ್ನೂ ಕೆಲವು ತಿಂಗಳು ಬೇಕಾದವು. ಸೆಪ್ಟೆಂಬರಿನಲ್ಲಿ ನಾವು ಹೊರಟಾಗ ಅವಳು ಅತ್ತಳು. ಆ ಅಳು ಬೇರೆ, ಅದು ನಮ್ಮೆಲ್ಲರಿಗೂ ಗೊತ್ತಿರುವ ಅಳು.

ದಾದಿ ಮನೆಗೆ ಬಂದು ಕೇಳುವುದು ಅಲ್ಲಿಯ ಏರ್ಪಾಡು, ನಮ್ಮಲ್ಲೇನಿದೆ ಎನ್ನಬೇಡಿ. 14416ಕ್ಕೆ ಫೋನು ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮನಸ್ಸಿನ ಕಷ್ಟ ಹೇಳಿಕೊಳ್ಳಬಹುದು. 'ಟೆಲಿ ಮಾನಸ್' ಎಂಬ ಈ ಸರಕಾರಿ ಸೇವೆ 2022ರ ಅಕ್ಟೋಬರಿನಲ್ಲಿ ಸುರುವಾಗಿದೆ, ಕಾಸು ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಆರೈಕೆ ಮಾಡುವ ವಿಭಾಗವೇ ಇದೆ. ಬಾಣಂತಿ ತನಗೋ ಕೂಸಿಗೋ ಕೇಡು ಮಾಡುವ ಮಾತಾಡಿದರೆ, ಇಲ್ಲದ ಧ್ವನಿ ಕೇಳುತ್ತದೆ ಎಂದರೆ, ಅವಳನ್ನು ಒಂಟಿಯಾಗಿ ಬಿಡದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ನೆರೆಮನೆಯಾಕೆ ನಾಳಿದ್ದು ಹೊರಡುತ್ತಾಳೆ. ಅಂಟು, ಅಳವಿ, ಚಟ್ನಿ ಎಲ್ಲಾ ಕಟ್ಟಿಯಾಗಿದೆ. ಇಂದು ಸಂಜೆ ಅವಳ ಮನೆಗೆ ಹೋಗಿ ಈ ಮಾತನ್ನೂ ಹೇಳಿ ಬರುತ್ತೇನೆ. ನಿಮ್ಮ ಓಣಿಯಲ್ಲೂ ಒಬ್ಬ ಬಾಣಂತಿ ಇರುತ್ತಾಳೆ. ಕೂಸು ನೋಡಲು ಎಲ್ಲರೂ ಹೋಗುತ್ತೇವೆ. ಈ ಸಲ ಹೋದಾಗ ಕೂಸನ್ನು ಕೆಳಗಿಟ್ಟು ಅವಳ ಮಗ್ಗುಲಲ್ಲಿ ಕುಳಿತು, "ನೀ ಹೆಂಗದೀಯವ್ವಾ?" ಎಂದು ಕೇಳಿ. ಉತ್ತರ ಬರುವವರೆಗೂ ಕುಳಿತಿರಿ.